ತಾಮ್ರದ ತಂತಿ ಸುತ್ತಿದ ಕೋವಿ

ಮುದುಕಿ ಕಂಬಳಿ ಬಿಚ್ಚಿ ಹಳೇ ಮಿಲಿಟರಿ ಕೋವಿಯನ್ನು ಮೇಜಿನ ಮೇಲಿಟ್ಟಳು. ಊರೂರಿನ ಕೋವಿ ಅಂಗಡಿಗಳಲ್ಲಿ ಅದಕ್ಕೆ ಬೆಲೆ ಕಟ್ಟಿಸಿದ್ದಳು, ಎಲ್ಲೂ ಮಾರಿರಲಿಲ್ಲ. ಬೆಲೆ ಸಾಲದೆಂದಲ್ಲ, ಆಕೆ ಕಾಯುತ್ತಿದ್ದುದು ಬೇರೊಂದು ಮಾತಿಗೆ.

ಈ ಅಂಗಡಿಯವನು ನಳಿಗೆಯೊಳಗೆ ಇಣುಕಿದ. “ತುಕ್ಕು ತಿಂದಿದೆ ಅಜ್ಜಿ. ಗುಜರಿಯವನೂ ಮುಟ್ಟಲ್ಲ.”

“ಹಿಡಿಗೆ ತಾಮ್ರದ ತಂತಿ ಸುತ್ತಿದೆ, ನೋಡಿ ಸ್ವಾಮಿ. ಅದಕ್ಕೇನಾದ್ರೂ ಬರುತ್ತಾ?”

ತಂತಿಯ ಮೇಲೆ ಬೆರಳಾಡಿಸಿದವನ ಕಣ್ಣು ಅರಳಿತು. “ಎಲ್ಲಿ ಕದ್ದೆ ಇದನ್ನ? ನಮ್ಮಪ್ಪ ಯುದ್ಧದಿಂದ ತಂದಿದ್ದು! ಈ ತಂತಿ ಸುತ್ತಿದವನು ನಾನೇ.”

“ಯಾರಾದ್ರೂ ಎರವಲು ಒಯ್ದಿದ್ರೇನೋ?”

“ಅಪ್ಪನ ಕೋವೀನ ಕಂಡೋರ ಕೈಗೆ ಕೊಡ್ತಾರಾ? ನನ್ನ ಬಿಟ್ಟು ಯಾರೂ ಮುಟ್ಟಿಲ್ಲ. ಬೇಟೆಗೆ ಹೋದಾಗ ಕಾಡಲ್ಲಿ ಬಿದ್ದುಹೋಯ್ತು. ತುಕ್ಕು ಹಿಡಿದ್ರೂ ಯುದ್ಧದ ಕೋವಿ, ಈಗ ಲಕ್ಷಗಟ್ಟಲೆ ಬಾಳುತ್ತೆ. ಸುಮ್ಮನೆ ಇಟ್ಟು ಹೋಗ್ತೀಯೋ, ಪೊಲೀಸರನ್ನ ಕರೀಲೋ?”

“ಕರೀರಿ ಸ್ವಾಮಿ, ಅವರೂ ಬರ್ಲಿ.”

ಮುದುಕಿ ಸಾವಕಾಶವಾಗಿ ಬಾಗಿಲಿನತ್ತ ತಿರುಗಿದಳು.

“ಮಗಾ, ಒಳಗೆ ಬಾ. ನಿಮ್ಮಪ್ಪನ ಹೆಣದ ಪಕ್ಕ ಬಿದ್ದಿದ್ದ ಕೋವಿಗೆ ವಾರಸುದಾರ ಸಿಕ್ಕಿದ.”