ಕಿರಿಕಿರಿ ತಂಡ

"ಬೂಟು ಬಿಚ್ಚಿ ಒಳಗೆ ಹೋಗಿ," ಎಂದಳು ಬಾಗಿಲಲ್ಲಿ ಕೂತಿದ್ದವಳು.

ಅಧಿಕಾರಿ ಬಿಚ್ಚಲಿಲ್ಲ. ಕೈಯಲ್ಲಿ ಶಬ್ದ ಅಳೆಯುವ ಮೀಟರ್ ಇತ್ತು, ಜೇಬಿನಲ್ಲಿ ಆದೇಶವಿತ್ತು. ಕಾರ್ಯಕ್ರಮ ನಿಲ್ಲಿಸಲು ಬಂದವನು ಪ್ರೇಕ್ಷಕನ ಹಾಗೆ ಬರಿಗಾಲಲ್ಲಿ ನಿಲ್ಲುವುದುಂಟೇ?

ಅದೊಂದು ಹಳೆಯ ಉಗ್ರಾಣ. ಭಾನುವಾರ ಮಧ್ಯಾಹ್ನವಾದರೂ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ. ಹೊಸದಾಗಿ ಹಾಸಿದ ಮರದ ಹಲಗೆಗಳ ಮೇಲೆ ನಲವತ್ತು ಜನ ಕೂತಿದ್ದರು. ಎದುರಿಗೆ ವೇದಿಕೆಯಲ್ಲಿ ಮೂವರು. ಒಬ್ಬಳು ಚಿತ್ರಗಾರ್ತಿ. ಗಾಜಿನ ತಟ್ಟೆಯಲ್ಲಿ ಅವಳು ಸುರಿದ ಬಣ್ಣದ ನೀರು ಕುಣಿಯುತ್ತಿತ್ತು. ಅದರ ಬಿಂಬ ಗೋಡೆ ತುಂಬ ಹರಡಿ ಉಬ್ಬುತ್ತಿತ್ತು. ಒಂದು ಕಾಲಕ್ಕೆ ಟಿವಿ ರಿಪೇರಿ ಮಾಡಿಕೊಂಡಿದ್ದ ಮುದುಕನೊಬ್ಬ ತಂತಿಗಳ ರಾಶಿಯ ನಡುವೆ ಕೂತಿದ್ದ. ಮಧ್ಯದಲ್ಲಿ, ಗುಂಡಿಗಳ ಪೆಟ್ಟಿಗೆಯ ಮುಂದೆ, ಅಧಿಕಾರಿಯ ಸ್ವಂತ ಮಗಳು.

"ಇದು ಸಂಗೀತ ಅಲ್ಲ, ಕಿರಿಕಿರಿ!" ಎಂದು ವರ್ಷದ ಹಿಂದೆ ಅವನೇ ಅವಳನ್ನು ಮನೆಯಿಂದ ಆಚೆ ಹಾಕಿದ್ದ. ಅವಳು ತಂಡ ಕಟ್ಟಿ ಅದಕ್ಕೆ 'ಕಿರಿಕಿರಿ' ಎಂದೇ ಹೆಸರಿಟ್ಟಳು. ಊರ ಗೋಡೆಗಳ ಮೇಲೆ ಆ ಹೆಸರು ಕಂಡಾಗಲೆಲ್ಲ ಅವನಿಗೆ ಮೈ ಉರಿಯುತ್ತಿತ್ತು. ಕಚೇರಿಗೆ ದೂರು ಬಂದದ್ದೇ ತಡ, ಕೈಕೆಳಗಿನವರನ್ನು ಕಳಿಸದೆ ತಾನೇ ಹೊರಟು ಬಂದಿದ್ದ.

ಮೀಟರ್ ಎಂಬತ್ತಾರು ತೋರಿಸಿತು. ಮಿತಿ ಎಪ್ಪತ್ತು.

"ಎಲ್ಲರೂ ಏಳಿ! ಕಾರ್ಯಕ್ರಮ ಮುಗೀತು!"

ಆ ಗದ್ದಲದಲ್ಲಿ ಅವನ ಮಾತು ಅವನಿಗೇ ಕೇಳಿಸಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಮುಂದಿನ ಸಾಲಿನ ಆ ತುರುಬು. ಅವನ ಹೆಂಡತಿ!

ಮಗಳು ಹೋದಮೇಲೆ ಅವಳೂ ಮುನಿಸಿಕೊಂಡಿದ್ದಳು. ಒಲೆಯ ಮುಂದೆ ಬೆನ್ನು ಮಾಡಿ ನಿಂತವಳನ್ನು ಎಷ್ಟು ಕರೆದರೂ ಓಗೊಡುತ್ತಿರಲಿಲ್ಲ. ನಾನೇನು ಕಮ್ಮಿಯೇ ಎಂದು ಅವನೂ ಮಾತು ಬಿಟ್ಟ. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡುತ್ತಿದ್ದ. ಅವಳೂ ಚೀಟಿಯಲ್ಲೇ ಉತ್ತರ ಕೊಡುತ್ತಿದ್ದಳು. 'ತಂಗಿ ಮನೆಗೆ ಹೋಗಿರುತ್ತೇನೆ' ಎಂದಿತ್ತು ಇವತ್ತಿನ ಚೀಟಿ.

ಅವನು ದಡದಡನೆ ಗೋಡೆಯ ಬಳಿ ಹೋಗಿ ಸ್ಪೀಕರ್‌ಗಳ ಸ್ವಿಚ್ ಆರಿಸಿದ. ಶಬ್ದ ಟಪ್ಪನೆ ನಿಂತಿತು. ಮೀಟರ್ ಮೂವತ್ತೆಂಟಕ್ಕೆ ಇಳಿಯಿತು.

ಬೇರೇನೂ ನಿಲ್ಲಲಿಲ್ಲ. ಮಗಳು ಅವನನ್ನು ಒಮ್ಮೆ ನೋಡಿ ಮತ್ತೆ ಗುಂಡಿ ತಿರುಗಿಸತೊಡಗಿದಳು. ತಟ್ಟೆಯ ಬಣ್ಣ ಕುಣಿಯುತ್ತಲೇ ಇತ್ತು. ನಲವತ್ತು ತಲೆಗಳು ಒಂದೇ ಲಯಕ್ಕೆ ತೂಗುತ್ತಿದ್ದವು. ಹೆಂಡತಿಯ ಬೆರಳುಗಳು ಮಂಡಿಯ ಮೇಲೆ ತಾಳ ಹಾಕುತ್ತಿದ್ದವು.

"ಏಳ್ರೀ ಮೇಲೆ! ಹೇಳಿದ್ದು ಕೇಳಿಸ್ತಿಲ್ವಾ?"

ಒಬ್ಬರೂ ತಿರುಗಲಿಲ್ಲ. ಹೆಂಡತಿಯ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕೂಗಿದ. ಅವಳೂ ಅಲುಗಾಡಲಿಲ್ಲ. ಎಲ್ಲರೂ ಮಾತಾಡಿಕೊಂಡೇ ಬಂದಿದ್ದಾರೆ, ಸಂಶಯವೇ ಇಲ್ಲ. ಕೆಂಡಾಮಂಡಲವಾಗಿ ವೇದಿಕೆ ಹತ್ತಿದ.

"ನಾಟಕ ಸಾಕು. ನಿಲ್ಲಿಸು!"

"ನಿಮ್ಮ ಮೀಟರ್ ಏನನ್ನುತ್ತೆ, ಅಧಿಕಾರಿಗಳೇ?"

"ಮೂವತ್ತೆಂಟು."

"ಹಾಗಾದ್ರೆ ನೀವು ಬಂದ ಕೆಲಸ ಮುಗೀತು. ನಮ್ದು ಇನ್ನೂ ಅರ್ಧ ಗಂಟೆ ಇದೆ."

"ಶಬ್ದಾನೇ ಇಲ್ಲ, ಇವರು ಕೇಳ್ತಿರೋದಾದ್ರೂ ಏನನ್ನ? ನಿಮ್ಮಮ್ಮನ್ನೂ ಸೇರಿಸ್ಕೊಂಡು ನನ್ನ ಮರ್ಯಾದೆ ತೆಗೀತಿದೀಯಾ? ಅಷ್ಟು ಕೂಗಿದ್ರೂ ತಿರುಗಿ ನೋಡ್ಲಿಲ್ಲ ಅವಳು!"

ಮಗಳು ಗುಂಡಿಯಿಂದ ಕೈ ತೆಗೆಯಲಿಲ್ಲ. ದನಿ ಮಾತ್ರ ತಗ್ಗಿತು.

"ಸ್ಪೀಕರ್ ಹಾಕಿದ್ದು ಬೀದಿಯವರಿಗೂ ಕೇಳಲಿ ಅಂತ. ಇವರು ಕೇಳೋದು ಹಲಗೆ ಕೆಳಗೆ ತಾತ ಕೂರಿಸಿರೋ ಯಂತ್ರದ ನಡುಕದಲ್ಲಿ, ಅಂಗಾಲಿನಿಂದ. ಇಲ್ಲಿ ಕೂತಿರೋ ಯಾರಿಗೂ ಕಿವಿ ಕೇಳಿಸಲ್ಲ, ಅಪ್ಪ."

ಅವನು ಮುಂದಿನ ಸಾಲಿನ ಕಡೆ ತಿರುಗಿದ.

"ಅಮ್ಮನಿಗೆ ಪೂರ್ತಿ ಹೋಗಿ ಏಳು ತಿಂಗಳಾಯ್ತು."