ಗೋಡೆ ಆಡಿದ ಮಾತು

ಆ ತಾಲೂಕಿನ ಶಾಲೆಗಳ ಗೋಡೆಗಳು ಕೇಳಿದ ಮಾತನ್ನು ಮರೆಯುತ್ತಿರಲಿಲ್ಲ. ಹಾಗಾಗಿ ಪ್ರತಿವರ್ಷದ ಸಾಧಕರ ಸನ್ಮಾನದಲ್ಲಿ ಭಾಷಣದ ಗೋಜೇ ಇರಲಿಲ್ಲ. ಶಿಕ್ಷಣಾಧಿಕಾರಿಗಳು ಗೋಡೆಗೆ ಅಂಗೈ ಒತ್ತಿ ಹೆಸರು ಹೇಳಿದರೆ ಸಾಕು, ಸನ್ಮಾನಿತರ ಹಳೆಯ ಮಾತೊಂದನ್ನು ಗೋಡೆಯೇ ಆಡಿ ತೋರಿಸುತ್ತಿತ್ತು.

ಮೂವತ್ತಾರು ವರ್ಷ ಕಲಿಸಿ ನಿವೃತ್ತರಾಗಿ, ಈ ಸಲ ತಮ್ಮ ಶಾಲೆಯಲ್ಲೇ ಸನ್ಮಾನಕ್ಕೆ ಕೂತಿದ್ದ ಶಕುಂತಲಾ ಅಕ್ಕೋರಿಗೆ ಅದೇ ಭಯ. ಅವರ ಬಾಯಿ ಎಂಥದ್ದೆಂದು ಊರಿಗೇ ಗೊತ್ತಿತ್ತು. ಮೇಲಾಗಿ ಇಂದು ಶಾಲು ಹೊದಿಸುವ ಅತಿಥಿಯಾಗಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳು ಅವರ ಕೈಲೇ ಬೈಸಿಕೊಂಡು ಬೆಳೆದ ರಜಿಯಾ ನದಾಫ; ಈಗ ದೇಶವೇ ಬಲ್ಲ ಮಣ್ಣಿನ ವಿಜ್ಞಾನಿ.

“ಸಾಹೇಬ್ರ, ನನಗ ಬರೇ ಶಾಲು ಹೊಚ್ಚಿ ಬಿಟ್ಟುಬಿಡ್ರಿ. ಗೋಡಿಗೆ ಯಾಕ ತ್ರಾಸು?” ಎಂದು ಅಕ್ಕೋರು ಪಿಸುಗುಟ್ಟಿದರು. ಸಾಹೇಬರು ನಕ್ಕು, ಅಕ್ಕೋರ ಹೆಸರು ಹೇಳಿ ಅಂಗೈ ಒತ್ತಿಯೇಬಿಟ್ಟರು.

“ರಜಿಯಾ, ನಿನ್ನ ತಲಿಯಾಗ ಬರೇ ಮಣ್ಣು ತುಂಬೇತಿ!” ಗೋಡೆ ಅಕ್ಕೋರ ದನಿಯಲ್ಲೇ ಗುಡುಗಿತು.

ಸಭೆ ಗೊಳ್ಳೆಂದಿತು. ಅಕ್ಕೋರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಆದರೆ ಗೋಡೆ ಅಲ್ಲಿಗೇ ನಿಲ್ಲಿಸಲಿಲ್ಲ. ಎಂಟು ವರ್ಷದ ಹುಡುಗಿಯ ದನಿ ಕೇಳಿತು: “ಕರಿ ಮಣ್ಣೇನ್ರಿ ಅಕ್ಕೋರ, ಕೆಂಪು ಮಣ್ಣೇನ್ರಿ?”

ಆಮೇಲೆ ಅಕ್ಕೋರ ನಗು. “ಎರಡೂ ಹ್ಯಾಂಗಿರ್ತಾವಂತ ಗೊತ್ತೈತೇನು ನಿನಗ? ಬಾ, ಹೊರಗ ಹೋಗಿ ನೋಡೂಣು.”

ಬೈದದ್ದು ಅಕ್ಕೋರಿಗೆ ನೆನಪಿತ್ತು. ಕರೆದೊಯ್ದದ್ದು ಮರೆತೇ ಹೋಗಿತ್ತು.

ರಜಿಯಾ ಶಾಲು ಹೊದಿಸುತ್ತ ಬಾಗಿ, “ಅವತ್ತು ಹೊರಗ ಹೋದಾಕಿ ನಾ ಇನ್ನೂ ಒಳಗ ಬಂದಿಲ್ರಿ ಅಕ್ಕೋರ,” ಎಂದಳು.

“ಹಂಗಾರ ಗೈರುಹಾಜರಿ ಹಾಕ್ತೀನಿ ನೋಡು,” ಎಂದು ಅಕ್ಕೋರು ಕಣ್ಣೊರೆಸಿಕೊಂಡು ಅವಳ ಕೆನ್ನೆ ಹಿಂಡಿದರು.