ಖಾಲಿ ಕೊಡ

ಗಂಗಲಕ್ಷ್ಮಮ್ಮ ಖಾಲಿ ಕೊಡವನ್ನು ಸೊಂಟಕ್ಕೇರಿಸಿಕೊಂಡು ಶಾಸಕ ಬೋರಲಿಂಗಯ್ಯನವರ ಕಾರಿಗೆ ಅಡ್ಡ ಬಂದು ನಿಂತಳು. ನಾಮಪತ್ರ ಹಿಡಿದು ಒಳಗೆ ಕೂತಿದ್ದ ಅವರ ಮುಖ ಬಿಳಿಚಿಕೊಂಡಿತು.

ಹಿಂದಿನ ಆರು ಚುನಾವಣೆಗೂ ಕೈಲಾಂಚ ಊರಿನ ಇವಳ ಮನೆ ಮುಂದೆ, ಇವಳ ಕೈಯಲ್ಲೇ ಆರತಿ ಎತ್ತಿಸಿಕೊಂಡು ಹೊರಟವರು, ಆರೂ ಸಲ ಗೆದ್ದವರು. ಕಳೆದ ಸಲ ಅವರಿಗಾಗಿ ಬೂತಿನ ಮುಂದೆ ಬಡಿದಾಡಿ ಸತ್ತ ಅವಳ ಗಂಡ ಮುನಿಕೃಷ್ಣನ ಮಣ್ಣಿಗೆ ಮಾತ್ರ ಬರಲಿಲ್ಲ. ಇವತ್ತು ಬೆಳಿಗ್ಗೆ ಹೇಳಿಕಳಿಸಿದ್ದರು: ಗಂಡ ಸತ್ತವಳು ಎದುರಿಗೆ ಬರುವುದು ಬೇಡ, ಪಕ್ಕದ ಮನೆ ಸೊಸೆ ಆರತಿ ಎತ್ತಲಿ.

"ಗಂಗಕ್ಕ, ಒಸಿ ದಾರಿ ಬುಡವ್ವ," ಬೋರಲಿಂಗಯ್ಯ ಗಾಜು ಇಳಿಸಿ ಬೇಡಿದರು. ಗಂಟೆ ಒಂದು ದಾಟಿತ್ತು. "ನಾಮಿನೇಷನ್‌ಗೆ ಇವತ್ತೇ ಕೊನೆ ದಿನ. ಒಂದೂವರೆಯಿಂದ ಮೂರರಗಂಟ ರಾಹುಕಾಲ. ಮೂರಕ್ಕೆ ಆಫೀಸ್ ಬಾಗ್ಲಾಕ್ತಾರೆ."

ಅವಳನ್ನು ಸರಿಸಲು ಬಂದ ಕಾರ್ಯಕರ್ತರು ಸುತ್ತ ಮೇಲೆದ್ದ ಮೊಬೈಲುಗಳನ್ನು ಕಂಡು ಹಿಂಜರಿದರು. ಅಪಶಕುನವಾದರೆ ತಮ್ಮ ಮನೆಗೆ ಮರಳಿ, ಕಾಲು ತೊಳೆದು, ದೇವರಿಗೆ ಕೈಮುಗಿದೇ ಮತ್ತೆ ಹೊರಡುವವರು ಬೋರಲಿಂಗಯ್ಯ. ಅದು ಊರಿಗೆಲ್ಲ ಗೊತ್ತು. ಗಂಗಲಕ್ಷ್ಮಮ್ಮನಿಗೆ ಇನ್ನೂ ಚೆನ್ನಾಗಿ ಗೊತ್ತು. ಕಾರು ಮೆಲ್ಲಗೆ ಹಿಂದಕ್ಕೆ ತಿರುಗತೊಡಗಿತು.

ಅವಳು ಕೊಡವನ್ನು ರಸ್ತೆ ನಡುವೆ ಬೋರಲು ಹಾಕಿ ಪಕ್ಕದಲ್ಲೇ ಚಕ್ಕಂಬಕ್ಕಳ ಹಾಕಿ ಕೂತಳು.

"ನಿಧಾನಕ್ಕೆ ಕಾಲು ತೊಳ್ಕೊಂಡು ಬಾರಣ್ಣ," ಎಂದಳು. "ಆವತ್ತು ನಮ್ ಯಜಮಾನ್ರ ಹೆಣಾನೂ ಸಂಜೆಗಂಟ ನಿನಗೋಸ್ಕರ ಕಾದಿತ್ತು. ಇವತ್ತು ನಾನು ಕಾಯ್ತೀನಿ."